ದಿನಾ ದುಡಿಯುವ ಟ್ರಕ್ಕಿಗೆ ಯಾವ ಕ್ಯಾಮ್ ಶಾಫ್ಟ್? ಎಂಜಿನ್ ಬಿಚ್ಚುವುದರಿಂದ 500 ಕಿ.ಮೀ. ಓಡಿಸುವವರೆಗೆ

"ಮಾಮಾ, ಹೆಂಗೂ ಎಂಜಿನ್ ಬಿಚ್ಚಾಕತ್ತೇವಿ. ಒಂದು ರೇಸಿಂಗ್ ಕ್ಯಾಮ್ ಹಾಕಿಸಿಬಿಟ್ರ ಖಂಡಾಳಾ ಘಾಟ್ ಮೂರನೇ ಗಿಯರ್‌ನ್ಯಾಗ ಏರತೈತೇನ್ರಿ?"

ಅಕ್ಕನ ಮಗ ನವಿ ಮುಂಬೈನ ಕಳಂಬೋಲಿಯಿಂದ ಫೋನ್ ಮಾಡಿದ್ದ. ಊರು ಇಂಡಿ ತಾಲೂಕು, ಗಾಡಿ ಟಾಟಾ 407. ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಿಂದ ಮುಂಬೈ ಕಡೆಯ ವಾಶಿಗೆ ತರಕಾರಿ, ವಾಪಸು ಬರುವಾಗ ಸಿಕ್ಕ ಲೋಡು. ಏರು ಇರುವುದು ವಾಪಸು ಬರುವಾಗಲೇ. ಅವನು ಯಾವುದೋ ವಿಡಿಯೊ ನೋಡಿದ್ದ. ಅಮೆರಿಕದ ಪಿಕಪ್ ಗಾಡಿ, ವಿ8 ಪೆಟ್ರೋಲ್ ಎಂಜಿನ್, ಕ್ಯಾಮ್ ಬದಲಿಸಿದ ಮೇಲೆ ಡಬ ಡಬ ಎಂದು ಎದೆ ನಡುಗಿಸುವ ಐಡ್ಲಿಂಗ್. ಆ ಸದ್ದಿಗೆ ಹುಡುಗ ಮರುಳಾಗಿದ್ದ.

ಪುಣೆ ಹತ್ತಿರದ ಭೋಸರಿಯಲ್ಲಿ ನನ್ನದು ಬೋರಿಂಗ್, ಹೋನಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಮಾಡುವ ಸಣ್ಣ ಅಂಗಡಿ. ಕ್ಯಾಮ್ ವಿಷಯದಲ್ಲಿ ಜನ ಎರಡು ತುದಿಯಲ್ಲಿರುತ್ತಾರೆ. ಅದರ ಕಡೆ ತಿರುಗಿಯೂ ನೋಡದೆ ಲೈನರ್, ಪಿಸ್ಟನ್, ಬೇರಿಂಗ್ ಹಾಕಿ ಮುಚ್ಚಿಬಿಡುವವರು ಒಂದು ಕಡೆ. ಕ್ಯಾಮ್ ಒಂದೇ ಮಂತ್ರದಂಡ ಎಂದುಕೊಂಡವರು ಇನ್ನೊಂದು ಕಡೆ. ಅಳಿಯನಿಗೆ ನಾಲ್ಕು ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಸಾಲಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಗಾಡಿ ಯಾವ ಆರ್‌ಪಿಎಂನಲ್ಲಿ ಬದುಕುತ್ತದೆ?

ಕ್ಯಾಮ್ ಶಾಫ್ಟ್ ಎಂದರೆ ಗಾಳಿ ಒಳಗೆ ಬಿಡುವ (ಇನ್‌ಲೆಟ್), ಹೊಗೆ ಹೊರಗೆ ಬಿಡುವ (ಎಕ್ಸಾಸ್ಟ್) ವಾಲ್ವ್‌ಗಳ ಟೈಂಟೇಬಲ್. ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್, ಅಂದರೆ ಕ್ರ್ಯಾಂಕ್, ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಯಾವ ವಾಲ್ವ್ ಯಾವಾಗ ತೆರೆಯಬೇಕು, ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ಎನ್ನುವುದೆಲ್ಲ ಅದರ ಮೇಲಿನ ಉಬ್ಬುಗಳ, ಅಂದರೆ ಲೋಬ್‌ಗಳ ಆಕಾರದಲ್ಲಿ ಕೆತ್ತಿರುತ್ತದೆ. ವಾಲ್ವ್ ಹೆಚ್ಚು ಹೊತ್ತು ತೆರೆದಿದ್ದರೆ ಮೇಲಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತಿನ ಲೆಕ್ಕ ಇದು) ಎಂಜಿನ್‌ಗೆ ಉಸಿರು ಚೆನ್ನಾಗಿ ಸಿಗುತ್ತದೆ, ಕೆಳಗಿನ ಆರ್‌ಪಿಎಂನಲ್ಲಿ ಸಿಲಿಂಡರಿಗೆ ಬಂದ ಗಾಳಿ ಮತ್ತೆ ಹೊರಗೆ ಹೋಗುತ್ತದೆ. ಕಡಿಮೆ ಹೊತ್ತು ತೆರೆದರೆ ಇದರ ತಿರುವುಮುರುವು. ಎರಡೂ ಕಡೆ ಲಾಭ ಕೊಡುವ ಮಾಮೂಲಿ ಕ್ಯಾಮ್ ಇಲ್ಲ. ಹಾಗಾಗಿ ಕ್ಯಾಟಲಾಗ್ ತೆರೆಯುವ ಮೊದಲು ನಿಮ್ಮ ರಸ್ತೆಯ ಲೆಕ್ಕ ಬೇಕು.

ಆರ್‌ಪಿಎಂ ಮೀಟರ್ ಕೆಟ್ಟಿದ್ದರೂ ಪರವಾಗಿಲ್ಲ, ಒಂದು ಸೀಮೆಸುಣ್ಣ ಸಾಕು. ಲೋಡ್ ಇರುವಾಗಲೇ ಹಿಂದಿನ ಟೈರಿಗೂ ನೆಲಕ್ಕೂ ಗುರುತು ಹಾಕಿ, ಗಾಡಿಯನ್ನು ಟೈರಿನ ಒಂದು ಸುತ್ತು ಮುಂದಕ್ಕೆ ಬಿಟ್ಟು ಅಳೆಯಿರಿ. ಅಳಿಯನ ಗಾಡಿಯಲ್ಲಿ 2.5 ಮೀಟರ್ ಬಂತು. ಆಮೇಲೆ ಡಿಫರೆನ್ಷಿಯಲ್ ರೇಶಿಯೊ. ಮೇಲೆ ಬರೆದದ್ದು ಅಳಿಸಿದ್ದರೆ ಹಿಂದಿನ ಒಂದೇ ಬದಿಯ ಚಕ್ರ ಎತ್ತಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಶಿಯೊ. ನೆಲದ ಮೇಲಿನ ಚಕ್ರ ನಿಂತಿರುವುದರಿಂದ ಎರಡು ಸುತ್ತು, ಒಂದಲ್ಲ. ಇಲ್ಲಿ ತಪ್ಪಿದರೆ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಡುವುದು ಮರೆಯಬೇಡಿ.

ಸುಲಭಕ್ಕೆ ರೇಶಿಯೊ 5 ಎಂದಿಟ್ಟುಕೊಳ್ಳೋಣ. 60 ಕಿ.ಮೀ. ವೇಗ ಎಂದರೆ ನಿಮಿಷಕ್ಕೆ 1,000 ಮೀಟರ್. ಅದನ್ನು 2.5ರಿಂದ ಭಾಗಿಸಿದರೆ ಟೈರ್ 400 ಸುತ್ತು, ಅದಕ್ಕೆ ಐದರ ಗುಣಾಕಾರ, 2,000. ಟಾಪ್ ಗಿಯರ್ ನೇರ, ಅಂದರೆ ಒಂದಕ್ಕೆ ಒಂದು ಇದ್ದರೆ ಎಂಜಿನ್ ತಿರುಗುವುದು 2,000 ಆರ್‌ಪಿಎಂ. ಘಾಟಿನಲ್ಲಿ 25 ಕಿ.ಮೀ. ವೇಗ, ಗಿಯರ್ ರೇಶಿಯೊ 2.2 ಎಂದುಕೊಂಡರೆ ಸುಮಾರು 1,830. ಅಂದರೆ ಲೋಣಾವಳಾದ ಮೇಲಿನ ಸಪಾಟು ರಸ್ತೆಯಾಗಲಿ, ಖಂಡಾಳಾ ಏರಾಗಲಿ, ಈ ಎಂಜಿನ್ನಿನ ಆಯುಷ್ಯ ಕಳೆಯುವುದು 1,400ರಿಂದ 2,200ರ ನಡುವೆ.

ಈಗ ಗವರ್ನರ್, ಅಂದರೆ ಎಂಜಿನ್ನಿನ ವೇಗಕ್ಕೆ ಮಿತಿ ಹಾಕುವ ಭಾಗ, ನೆನಪಿಸಿಕೊಳ್ಳಿ. ಇಂಥ ಡೀಸೆಲ್‌ಗಳಲ್ಲಿ ಮೂರು ಸಾವಿರದ ಆಸುಪಾಸಿಗೆ ಬಂದರೆ ಪಂಪೇ ಡೀಸೆಲ್ ಕಡಿಮೆ ಮಾಡುತ್ತದೆ. ವಿಡಿಯೊದ ಕ್ಯಾಮ್ ಕೆಲಸಕ್ಕೆ ಶುರುವಾಗುವುದೇ ಅಲ್ಲಿಂದ ಮೇಲೆ. ಆ ಜಾತ್ರೆ ನೆರೆಯುವ ಹೊತ್ತಿಗೆ ಗವರ್ನರ್ ಅಂಗಡಿ ಮುಚ್ಚಿರುತ್ತಾನೆ. ಅಳಿಯನ ಉತ್ಸಾಹ ಅರ್ಧ ಇಳಿದದ್ದು ಇದೇ ಮಾತಿಗೆ.

ಕ್ಯಾಟಲಾಗ್‌ನ ನಾಲ್ಕು ಅಂಕಿಗಳು

ಲಿಫ್ಟ್ ಎಂದರೆ ಎತ್ತರ. ಲೋಬ್ ಲಿಫ್ಟ್ ಬೇರೆ, ವಾಲ್ವ್ ಲಿಫ್ಟ್ ಬೇರೆ. ಲೋಬ್ ತನ್ನ ಮೇಲೆ ಕೂತ ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್ ರಾಡ್ ಎಂಬ ಕೋಲನ್ನು ಎತ್ತುತ್ತದೆ, ಕೋಲು ರಾಕರ್ ಎಂಬ ಸನ್ನೆಯನ್ನು ಎತ್ತಿ ವಾಲ್ವ್ ಒತ್ತಿಸುತ್ತದೆ. ರಾಕರಿಗೂ ವಾಲ್ವಿಗೂ ನಡುವೆ ಬಿಡುವ ಸಂದೇ ಟ್ಯಾಪೆಟ್ ಗ್ಯಾಪ್. ಲೋಬ್ ಲಿಫ್ಟಿಗೆ ರಾಕರ್ ರೇಶಿಯೊ ಗುಣಿಸಿ, ಟ್ಯಾಪೆಟ್ ಗ್ಯಾಪ್ ಕಳೆದರೆ ವಾಲ್ವ್ ಲಿಫ್ಟ್. ಲೋಬ್ 6.80 ಮಿ.ಮೀ., ರಾಕರ್ 1.5 ಇದ್ದರೆ 10.20. ಅದರಲ್ಲಿ 0.25 ಗ್ಯಾಪ್ ಹೋದರೆ 9.95.

ಡ್ಯುರೇಶನ್ ಎಂದರೆ ವಾಲ್ವ್ ತೆರೆದಿರುವ ಅವಧಿ, ಕ್ರ್ಯಾಂಕ್ ಡಿಗ್ರಿಯಲ್ಲಿ. ಮೋಸ ಹೋಗುವುದು ಇಲ್ಲೇ. ಕೆಲವರು ಟ್ಯಾಪೆಟ್ ಅಲುಗಿದ ಕ್ಷಣದಿಂದ ಎಣಿಸುತ್ತಾರೆ, ಅಮೆರಿಕದ ಕಂಪನಿಗಳು ಅದರ ಜೊತೆಗೆ ಟ್ಯಾಪೆಟ್ 50 ಥೌ, ಅಂದರೆ 1.27 ಮಿ.ಮೀ. ಎದ್ದಾಗಿನಿಂದ ಎಣಿಸಿದ ಅಂಕಿಯನ್ನೂ ಕೊಡುತ್ತವೆ. ಒಂದೇ ಕ್ಯಾಮ್ ಒಂದು ಲೆಕ್ಕದಲ್ಲಿ 260, ಇನ್ನೊಂದರಲ್ಲಿ 210 ಕಾಣಬಹುದು. ಒಂದೇ ಅಳತೆಯಲ್ಲಿ ಅಳೆದದ್ದನ್ನು ಮಾತ್ರ ಹೋಲಿಸಿ.

ಮೂರನೆಯದು ಇನ್‌ಲೆಟ್ ಮತ್ತು ಎಕ್ಸಾಸ್ಟ್ ಲೋಬ್‌ಗಳ ಮೂಗುಗಳ, ಅಂದರೆ ತುದಿಗಳ, ನಡುವಿನ ಕೋನ. ಇದನ್ನು ಕ್ಯಾಮ್ ಡಿಗ್ರಿಯಲ್ಲಿ ಹೇಳುತ್ತಾರೆ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಓವರ್‌ಲ್ಯಾಪ್ ಇದರಿಂದ ಬರುತ್ತದೆ: ಎರಡು ಡ್ಯುರೇಶನ್‌ಗಳ ಸರಾಸರಿಯಿಂದ ಈ ಕೋನದ ಎರಡರಷ್ಟನ್ನು ಕಳೆಯಿರಿ. ಎರಡೂ ಡ್ಯುರೇಶನ್ 260, ಕೋನ 112 ಇದ್ದರೆ ಓವರ್‌ಲ್ಯಾಪ್ 36 ಡಿಗ್ರಿ. 270 ಮತ್ತು 108 ಆದರೆ 54. ಆ ಡಬ ಡಬ ಸದ್ದು ಹುಟ್ಟುವುದು ಈ 54ರಲ್ಲಿ. ನಿಧಾನ ತಿರುಗುವಾಗ ಸುಟ್ಟ ಹೊಗೆ ಇನ್‌ಲೆಟ್ ಕಡೆ ಹಿಂದಕ್ಕೆ ಬಂದು ಹೊಸ ಗಾಳಿಯಲ್ಲಿ ಬೆರೆಯುತ್ತದೆ, ಎಂಜಿನ್ ತಡವರಿಸುತ್ತದೆ. ನಾವು ಮೆಚ್ಚುವ ಸದ್ದು ಎಂಜಿನ್ನಿನ ಬಿಕ್ಕಳಿಕೆ. ಅಮೆರಿಕದಲ್ಲೂ ದಿನಾ ಓಡಿಸುವ ಪಿಕಪ್ಪಿಗೆ ಕ್ಯಾಮ್ ಆರಿಸುವವರು 50 ಥೌ ಲೆಕ್ಕದಲ್ಲಿ 200ರಿಂದ 215 ಡಿಗ್ರಿಯೊಳಗಿನ ಡ್ಯುರೇಶನ್, 112ರಿಂದ 114ರ ಕೋನ ಇಟ್ಟುಕೊಳ್ಳುತ್ತಾರೆ. ವಿಡಿಯೊದಲ್ಲಿ ಅಂಥವು ಬರುವುದಿಲ್ಲ, ಅವು ಸದ್ದು ಮಾಡುವುದಿಲ್ಲವಲ್ಲ.

ನಾಲ್ಕನೆಯದು ಇನ್‌ಲೆಟ್ ವಾಲ್ವ್ ಮುಚ್ಚುವ ಹೊತ್ತು. ನನ್ನ ಮಟ್ಟಿಗೆ ಟ್ರಕ್ಕಿಗೆ ಮುಖ್ಯವಾದದ್ದು ಇದೊಂದೇ.

ಡೀಸೆಲ್ ಯಾಕೆ ತಡವನ್ನು ಸಹಿಸುವುದಿಲ್ಲ

ಪಿಸ್ಟನ್ ಕೆಳಗೆ ಮುಟ್ಟಿ ಮೇಲೆ ಹತ್ತಲು ಶುರುಮಾಡಿದ ಮೇಲೂ ಇನ್‌ಲೆಟ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಅದು ಮುಚ್ಚುವವರೆಗೆ ಕಂಪ್ರೆಶನ್ ಇಲ್ಲ. ಟಾಟಾದ ಹಳೆಯ 697 ಎಂಜಿನ್ ತೆಗೆದುಕೊಳ್ಳಿ. ಹೆಸರಿನಲ್ಲೇ ಲೆಕ್ಕ ಇದೆ: ಆರು ಸಿಲಿಂಡರ್, 97 ಮಿ.ಮೀ. ಬೋರ್. ಸ್ಟ್ರೋಕ್ 128, ಒಟ್ಟು 5,675 ಸಿ.ಸಿ. 1954ರಲ್ಲಿ ಟೆಲ್ಕೊ (ಟಾಟಾ ಮೋಟಾರ್ಸ್‌ನ ಹಳೆಯ ಹೆಸರು) ಮತ್ತು ಡೈಮ್ಲರ್-ಬೆಂಜ್ ಕೈಜೋಡಿಸಿದ್ದರಿಂದ ಬಂದ ಮರ್ಸಿಡಿಸ್ ಬಳುವಳಿ ಇದು. 407ರ 497 ಅದೇ ಹೆಸರಿನ ಪದ್ಧತಿಯ ತಮ್ಮ: ನಾಲ್ಕು ಸಿಲಿಂಡರ್, ಅದೇ 97 ಬೋರ್, ಸ್ಟ್ರೋಕ್ 100, 2,956 ಸಿ.ಸಿ.

128ರ ಸ್ಟ್ರೋಕ್‌ಗೆ ಕನೆಕ್ಟಿಂಗ್ ರಾಡ್ 230 ಮಿ.ಮೀ., ಕಂಪ್ರೆಶನ್ ರೇಶಿಯೊ 17 ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ವಾಲ್ವ್ 40 ಡಿಗ್ರಿಗೆ ಮುಚ್ಚಿದರೆ ನಿಜವಾಗಿ ಸಿಗುವ ಕಂಪ್ರೆಶನ್ 15.6. 50 ಡಿಗ್ರಿಗೆ 14.8. 65 ಡಿಗ್ರಿಗೆ ಎಳೆದರೆ 13.3. ಎಂಜಿನ್ ಜೋರಾಗಿ ತಿರುಗುವಾಗ ಗಾಳಿಯ ಓಟಕ್ಕೇ ಸಿಲಿಂಡರ್ ತುಂಬುತ್ತಲೇ ಇರುವುದರಿಂದ ನಷ್ಟ ತುಂಬಿಬರುತ್ತದೆ. ಆದರೆ ಬೆಳಗಿನ ಜಾವ ಸ್ಟಾರ್ಟರ್ ಕುಂಟುತ್ತ ತಿರುಗಿಸುವಾಗ ಆ ಓಟ ಎಲ್ಲಿಂದ ಬರಬೇಕು? ಪೆಟ್ರೋಲ್ ಗಾಡಿಗೆ ಸ್ಪಾರ್ಕ್ ಇದೆ. ಡೀಸೆಲ್‌ಗೆ ಇರುವುದು ಕಂಪ್ರೆಶನ್ನಿನ ಬಿಸಿ ಒಂದೇ. ಡಿಸೆಂಬರಿನ ಪುಣೆ ಚಳಿಯಲ್ಲಿ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಸಾಯುತ್ತದೆ, ಸ್ಟಾರ್ಟ್ ಆದರೂ ಬಿಳಿ ಹೊಗೆ. ಟರ್ಬೊ ಇದ್ದ ಎಂಜಿನ್ನಿಗೂ ಇದು ತಪ್ಪಿದ್ದಲ್ಲ, ಸ್ಟಾರ್ಟ್ ಮಾಡುವಾಗ ಟರ್ಬೊ ನಿದ್ದೆಯಲ್ಲಿರುತ್ತದೆ.

ಹಾಗಾಗಿ ದಿನದ ದುಡಿಮೆಯ ಡೀಸೆಲ್ಲಿಗೆ ನನ್ನ ಉತ್ತರ ಒಂದೇ: ಕಂಪನಿ ಇಟ್ಟ ಪ್ರೊಫೈಲ್. ಆರಿಸುವುದು ಎಂದರೆ ಆ ಪ್ರೊಫೈಲನ್ನು ಯಾರು ಮಾಡಿದ್ದಾರೆ, ಅಳತೆ ಸರಿ ಇದೆಯೇ, ಜೊತೆಗೆ ಏನೇನು ಹೊಸದು ಹಾಕಬೇಕು ಎಂದು ಆರಿಸುವುದು. ಕೆಲಸ ಇರುವುದು ಅಲ್ಲಿ. ಬಿಎಸ್-6 ಗಾಡಿಯಾದರೆ ಬೇರೆ ಪ್ರೊಫೈಲಿನ ಮಾತೇ ಬೇಡ. 2020ರ ಏಪ್ರಿಲ್ 1ರ ನಂತರದ ಆ ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಫಿಲ್ಟರು, ಸೆನ್ಸರುಗಳೆಲ್ಲ ಕಂಪನಿಯ ಕ್ಯಾಮ್ ಲೆಕ್ಕದಲ್ಲೇ ಕೂತಿವೆ. ಹಳೆಯ ಗಾಡಿಯಾದರೂ ಪಿಯುಸಿಯಲ್ಲಿ ಹೊಗೆ ಅಳೆಯುತ್ತಾರೆ, ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ.

ಹಳೆಯದನ್ನು ಅಳೆಯಿರಿ, ಬಿಚ್ಚುವ ಮೊದಲೇ

"ಪಿಕಪ್ ಇಲ್ಲ" ಎಂದು ಬರುವ ಹತ್ತು ಗಾಡಿಯಲ್ಲಿ ಹೆಚ್ಚಿನವಕ್ಕೆ ಕ್ಯಾಮ್ ಕಾರಣವಲ್ಲ. ಏರ್ ಫಿಲ್ಟರ್, ಟರ್ಬೊ ಹೋಸಿನ ಲೀಕು, ಜಾರುವ ಕ್ಲಚ್, ನಾಜಲ್, ಪಂಪ್ ಟೈಮಿಂಗ್, ಇವುಗಳನ್ನು ಮೊದಲು ನೋಡಿ.

ಆಮೇಲೆ ಟ್ಯಾಪೆಟ್ ಕವರ್ ತೆಗೆದು, ರಾಕರ್ ಬಿಚ್ಚಿ, ಪುಶ್ ರಾಡ್ ತುದಿಗೆ ಡಯಲ್ ಗೇಜ್ ಕೂರಿಸಿ ಎಂಜಿನ್ ಕೈಯಲ್ಲಿ ತಿರುಗಿಸಿ. ಪ್ರತಿ ಪುಶ್ ರಾಡ್ ಎಷ್ಟು ಏಳುತ್ತದೆ ಎಂದು ಬರೆದುಕೊಳ್ಳಿ. ಇನ್‌ಲೆಟ್‌ಗಳನ್ನು ಇನ್‌ಲೆಟ್‌ಗಳ ಜೊತೆ, ಎಕ್ಸಾಸ್ಟ್‌ಗಳನ್ನು ಎಕ್ಸಾಸ್ಟ್ ಜೊತೆ ಹೋಲಿಸಿ. ಒಂದು ಮಾತ್ರ ಉಳಿದವಕ್ಕಿಂತ ಕಡಿಮೆ ಎದ್ದು, ಆ ಅಂತರ 0.1 ಮಿ.ಮೀ. ದಾಟಿದರೆ ಆ ಲೋಬ್ ಸವೆಯಲು ಶುರುವಾಗಿದೆ. ಮೇಲಿನ ಗಟ್ಟಿ ಪದರ ಒಮ್ಮೆ ಹೋಯಿತೆಂದರೆ ಉಳಿದದ್ದು ಸಾಬೂನಿನ ಹಾಗೆ ಕರಗುತ್ತದೆ.

ಕ್ಯಾಮ್ ಹೊರಗೆ ಬಂದ ಮೇಲೆ ಮೈಕ್ರೋಮೀಟರ್‌ನಿಂದ ಮೂಗಿನಿಂದ ಹಿಮ್ಮಡಿಗೆ ಒಂದು ಅಳತೆ, ಅಡ್ಡಕ್ಕೆ ಒಂದು ಅಳತೆ, ಎರಡರ ವ್ಯತ್ಯಾಸ ಲೋಬ್ ಲಿಫ್ಟ್. ಉದ್ದ ಡ್ಯುರೇಶನ್ನಿನ ಲೋಬ್‌ನಲ್ಲಿ ಅಡ್ಡ ಅಳತೆ ಇಳಿಜಾರಿಗೆ ತಾಗಿ ಸುಳ್ಳು ಹೇಳುತ್ತದೆ, ಅದಕ್ಕೇ ಡಯಲ್ ಗೇಜಿನ ಲೆಕ್ಕ ಮೊದಲು ತೆಗೆಯಿರಿ ಎಂದದ್ದು. ವಿ ಬ್ಲಾಕ್ ಮೇಲಿಟ್ಟು ನಡುವಿನ ಜರ್ನಲ್ (ಬುಶ್‌ನಲ್ಲಿ ಕೂತು ತಿರುಗುವ ದುಂಡು ಭಾಗ) ಓಲಾಡುತ್ತದೆಯೇ ನೋಡಿ. ಮ್ಯಾನ್ಯುಯಲ್ ಕೈಯಲ್ಲಿಲ್ಲದಾಗ ನಾನು 0.05 ಮಿ.ಮೀ. ದಾಟಿದ್ದನ್ನು ಬದಿಗಿಡುತ್ತೇನೆ.

ಕ್ಯಾಮ್‌ಗಿಂತ ಹೆಚ್ಚು ಸುದ್ದಿ ಟ್ಯಾಪೆಟ್‌ನ ತಳದಲ್ಲಿರುತ್ತದೆ. ಫ್ಲ್ಯಾಟ್ ಟ್ಯಾಪೆಟ್ ಎಂದು ಹೆಸರಿದ್ದರೂ ಅದರ ತಳ ಪೂರ್ತಿ ಸಪಾಟಲ್ಲ. ನಡುವೆ ಕೂದಲೆಳೆಯಷ್ಟು ಉಬ್ಬು, ಲೋಬ್‌ಗೂ ಕೂದಲೆಳೆಯಷ್ಟು ಓರೆ. ಟ್ಯಾಪೆಟ್ ಎದ್ದಾಗೆಲ್ಲ ಸ್ವಲ್ಪ ಸ್ವಲ್ಪ ತಿರುಗಲಿ, ಒಂದೇ ಜಾಗ ಸವೆಯದಿರಲಿ ಎಂದು ಈ ಉಪಾಯ. ಉಕ್ಕಿನ ಪಟ್ಟಿಯ ಅಂಚನ್ನು ತಳಕ್ಕೆ ಹಿಡಿದು ಬೆಳಕಿಗೆ ನೋಡಿ. ಅಂಚುಗಳಲ್ಲಿ ಬೆಳಕು ಕಂಡರೆ ಸರಿ, ನಡುವೆ ಕಂಡರೆ ತಗ್ಗು ಬಿದ್ದಿದೆ. ತಳದ ಗುರುತು ದುಂಡಗೆ ಇದ್ದರೆ ಟ್ಯಾಪೆಟ್ ತಿರುಗುತ್ತಿತ್ತು, ನೇರ ಪಟ್ಟಿಯಾಗಿದ್ದರೆ ನಿಂತುಬಿಟ್ಟಿತ್ತು. ನಿಂತಿದ್ದರೆ ಬ್ಲಾಕಿನ ಟ್ಯಾಪೆಟ್ ರಂಧ್ರವನ್ನೂ ನೋಡಬೇಕು, ಇಲ್ಲದಿದ್ದರೆ ಹೊಸ ಕ್ಯಾಮ್‌ನ ಗತಿಯೂ ಅದೇ.

ಹೊಸ ಕ್ಯಾಮ್‌ಗೆ ಹಳೆಯ ಟ್ಯಾಪೆಟ್ ಬೇಡವೇ ಬೇಡ. ಅಂಗಡಿ ಹಾಕಿದ ಹೊಸದರಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಗಿರಾಕಿ "ಟ್ಯಾಪೆಟ್ ಚೊಲೊ ಅದಾವ, ಬಿಡ್ರಿ" ಎಂದ, ನಾನೂ ಹೂಂ ಅಂದೆ. ಎರಡು ತಿಂಗಳಿಗೆ ಟಕ್ ಟಕ್ ಎನ್ನುತ್ತ ಗಾಡಿ ವಾಪಸು ಬಂತು, ಎರಡು ಲೋಬ್ ಗೋಳಿಯಂತಾಗಿದ್ದವು. ಬೇರಿಂಗ್‌ಗಳ ಮೈಮೇಲೆಲ್ಲ ಕಬ್ಬಿಣದ ಪುಡಿಯ ಗೀರು. ಕ್ಯಾಮ್, ಟ್ಯಾಪೆಟ್, ಬೇರಿಂಗ್, ಮಜೂರಿ, ಎಲ್ಲ ನನ್ನ ಕೈಯಿಂದ. ಹಳೆಯ ಕ್ಯಾಮನ್ನೇ ಮತ್ತೆ ಹಾಕುವುದಾದರೆ ಹಳೆಯ ಟ್ಯಾಪೆಟ್ ನಡೆಯುತ್ತದೆ, ಪ್ರತಿಯೊಂದೂ ತನ್ನ ತನ್ನ ಲೋಬಿಗೇ ಹೋಗಬೇಕು. ಬಿಚ್ಚುವಾಗಲೇ ಮೊಟ್ಟೆಯ ಟ್ರೇಯಲ್ಲಿ ನಂಬರ್ ಬರೆದು ಇಡಿ.

ಹೊಸದೋ, ಗ್ರೈಂಡ್ ಮಾಡಿಸಿದ್ದೋ?

ಒಳ್ಳೆಯದಿದ್ದರೆ ಹಳೆಯದೇ ಇರಲಿ. ಅದಕ್ಕೆ ಅಂಜಬೇಕಿಲ್ಲ, ಅಳತೆ ಸರಿ ಇದ್ದ ಕ್ಯಾಮ್ ಇನ್ನೊಂದು ಓವರ್‌ಹಾಲ್‌ವರೆಗೆ ಬರುತ್ತದೆ.

ಹೊಸದಾದರೆ ಎಂಜಿನ್ ನಂಬರ್ ತೋರಿಸಿ ಪಾರ್ಟ್ ನಂಬರ್ ತೆಗೆಸಿ. "407ರ ಕ್ಯಾಮ್ ಕೊಡ್ರಿ" ಎಂದು ಕೇಳಬೇಡಿ. ಒಂದೇ ಗಾಡಿಗೆ ಬೇರೆ ಬೇರೆ ವರ್ಷದಲ್ಲಿ ಟರ್ಬೊ ಇಲ್ಲದ್ದು, ಟರ್ಬೊ ಇರುವುದು, ಇಂಟರ್‌ಕೂಲರ್ ಇರುವುದು ಎಂದು ಎಂಜಿನ್ ಬದಲಾಗಿರುತ್ತದೆ. ಮುಂಬೈನ ಒಪೇರಾ ಹೌಸ್ ಗಲ್ಲಿಗಳ ಪಾರ್ಟ್ಸ್ ಅಂಗಡಿಗಳಲ್ಲಿ ಬಹುಮಟ್ಟಿಗೆ ಎಲ್ಲವೂ ಸಿಗುತ್ತದೆ, ಸಿಕ್ಕದ್ದೆಲ್ಲ ನಿಮ್ಮದಲ್ಲ. ಕುರ್ಲಾದ ಭಂಗಾರ್ (ಗುಜರಿ) ಅಂಗಡಿಗಳಲ್ಲಿ ಹಳೆಯ ಎಂಜಿನ್ನಿನಿಂದ ತೆಗೆದ ಕ್ಯಾಮ್ ಅಗ್ಗಕ್ಕೆ ಬರುತ್ತದೆ. ಮೈಕ್ರೋಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗುವವರಿಗೆ ಮಾತ್ರ ಅದು ಅಗ್ಗ. ಕಂಪನಿ ಡಬ್ಬಿಯದ್ದೇ ಆಗಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಕ್ಯಾಮ್ ಮಾಡುವ ಕಸುಬು ನಮ್ಮ ಸುತ್ತಲೇ ಗಟ್ಟಿಯಾಗಿ ಬೇರೂರಿದೆ. ಕನ್ನಡ ಮನೆಮಾತಿನವರೂ ಬಹಳ ಇರುವ ಸೋಲಾಪುರದಲ್ಲಿ 1992ರಲ್ಲಿ ಶುರುವಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಹೊರದೇಶದ ಕಾರು ಕಂಪನಿಗಳಿಗೂ ಕ್ಯಾಮ್ ಕಳಿಸುತ್ತದೆ. ಆದರೆ ಹೆಸರಿಲ್ಲದ ಡಬ್ಬಿಯ ಕ್ಯಾಮ್ ಬಂದರೆ ಎಲ್ಲ ಲೋಬ್‌ಗಳನ್ನೂ ಅಳೆದು, ಹಳೆಯದರ ಸವೆಯದ ಲೋಬ್ ಜೊತೆ ಹೋಲಿಸದೆ ಒಳಗೆ ಬಿಡಬೇಡಿ. ಕೆಲಸಕ್ಕೆ ಬಾರದ ಅಂಚಿನಲ್ಲಿ ಹೊಸ ಅರವನ್ನು ಮೆಲ್ಲಗೆ ಎಳೆದು ನೋಡಿ. ಜಾರಿದರೆ ಗಟ್ಟಿ, ಕಚ್ಚಿದರೆ ಮೆತ್ತಗೆ. ಒರಟು ಪರೀಕ್ಷೆಯೇ, ಆದರೂ ಸುಳ್ಳು ಸರಕು ಬಾಗಿಲಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ಗ್ರೈಂಡಿಂಗ್. ಮೂಗು 0.5 ಮಿ.ಮೀ. ಸವೆದಿದೆ ಎನ್ನಿ. ಲಿಫ್ಟ್ ಮರಳಿ ಬರಬೇಕಾದರೆ ಬುಡದ ದುಂಡನ್ನೂ ಸುತ್ತಲೂ ಅಷ್ಟೇ ಇಳಿಸಬೇಕು. ಆಗ ಟ್ಯಾಪೆಟ್ ಅರ್ಧ ಮಿಲಿಮೀಟರ್ ಕೆಳಗೆ ಕೂರುತ್ತದೆ, ರಾಕರ್ ಸ್ಕ್ರೂ ಅಷ್ಟು ಕೆಳಗೆ ಬಿಡಬೇಕಾಗುತ್ತದೆ. ಇದನ್ನು ಸಹಿಸಬಹುದು. ಸಹಿಸಲಾಗದ್ದು ಗಟ್ಟಿ ಪದರ ಹೋಗುವುದು. ಚಿಲ್ಡ್ ಕಾಸ್ಟ್ ಐರನ್ ಕ್ಯಾಮ್‌ನಲ್ಲಿ ಆ ಪದರ ಕೆಲವು ಮಿ.ಮೀ. ಆಳ ಇರುತ್ತದೆ, ತೆಳುವಾಗಿ ಗ್ರೈಂಡ್ ಮಾಡಿದರೆ ಬದುಕುತ್ತದೆ. ಕೇಸ್ ಹಾರ್ಡನ್ ಮಾಡಿದ ಉಕ್ಕಿನದಾದರೆ ಗಟ್ಟಿ ಚರ್ಮ ಒಂದು ಮಿ.ಮೀ. ಆಸುಪಾಸು ಮಾತ್ರ. ಅದನ್ನು ಕೆರೆದಿರೋ, ಒಳಗಿನ ಮೆದು ಲೋಹ ಮೇಲೆ ಬಂತು. ಗ್ರೈಂಡ್ ಮಾಡಿಸಲೇಬೇಕಾದರೆ ಮೂರು ಮಾತು ಕೇಳಿ: ಯಾವ ಮಾಸ್ಟರ್ (ಮಾದರಿ ಲೋಬ್) ಇಟ್ಟು ಗ್ರೈಂಡ್ ಮಾಡುತ್ತೀರಿ, ಆಮೇಲೆ ಹಾರ್ಡ್‌ನೆಸ್ ತೋರಿಸುತ್ತೀರಾ, ಕಪ್ಪು ಫಾಸ್ಫೇಟ್ ಲೇಪ ಮಾಡುತ್ತೀರಾ. ಮೊದಲನೆಯದಕ್ಕೆ "ಅಂದಾಜಿಗೆ ಮಾಡ್ತೀವಿ" ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಪುಣೆಯ ಒಂದು ಕಡೆ ಹೀಗೆ ಅಂದಾಜಿಗೆ ಮಾಡಿಸಿಕೊಂಡು ಬಂದ 697ರ ಕ್ಯಾಮ್ ನನ್ನ ಮೇಜಿನ ಮೇಲೆ ಅಳೆಸಿಕೊಂಡಿತ್ತು, ಹನ್ನೆರಡು ಲೋಬ್‌ಗೆ ಹನ್ನೆರಡು ಲಿಫ್ಟ್.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ಕಳಂಬೋಲಿಯಲ್ಲಾಗಲಿ, ಗೋವಾದ ಕರಾವಳಿಯಲ್ಲಾಗಲಿ ಹೊಸ ಕ್ಯಾಮನ್ನು ಎಣ್ಣೆ ಸವರದೆ ತೆರೆದಿಟ್ಟರೆ ಲೋಬ್ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ, ಆ ಚುಕ್ಕೆಯಿಂದಲೇ ಸಿಪ್ಪೆ ಏಳಲು ಶುರು. ಎಣ್ಣೆ ಹಚ್ಚಿ, ಕಾಗದ ಸುತ್ತಿ, ಗೋಡೆಗೆ ನಿಲ್ಲಿಸಿಡಿ.

ಸಿಎನ್‌ಜಿ ಗಾಡಿಯವರಿಗೆ

ಮುಂಬೈ-ಪುಣೆ ಭಾಗದಲ್ಲಿ ಸಿಎನ್‌ಜಿ ಟ್ರಕ್ ಬಹಳ. ಡೀಸೆಲ್‌ನಲ್ಲಿ ಓವರ್‌ಲ್ಯಾಪ್ ಹೊತ್ತಿಗೆ ಹೊರಗೆ ಹೋಗುವುದು ಬರೀ ಗಾಳಿ. ಮಿಕ್ಸರ್ ಇರುವ ಗ್ಯಾಸ್ ಎಂಜಿನ್ನಿನಲ್ಲಿ ಹೋಗುವುದು ಗಾಳಿ ಬೆರೆತ ಗ್ಯಾಸ್, ಅಂದರೆ ದುಡ್ಡು. ಆದ್ದರಿಂದ ಡೀಸೆಲ್ ಎಂಜಿನ್ನಿನ ಕ್ಯಾಮ್ ಅದೇ ಬ್ಲಾಕಿನ ಸಿಎನ್‌ಜಿ ಎಂಜಿನ್ನಿಗೆ ಕೂತರೂ ಹಾಕಬೇಡಿ, ಅದರದ್ದೇ ನಂಬರ್ ತೆಗೆಸಿ. ಗ್ಯಾಸಿನಲ್ಲಿ ಜಿಡ್ಡಿಲ್ಲ, ಎಕ್ಸಾಸ್ಟ್ ವಾಲ್ವ್ ಸೀಟಿನೊಳಕ್ಕೆ ಇಳಿಯುತ್ತ ಹೋಗುತ್ತದೆ, ಟ್ಯಾಪೆಟ್ ಗ್ಯಾಪ್ ತಾನೇ ಕಡಿಮೆಯಾಗುತ್ತದೆ. ಸದ್ದು ಬರುವುದಿಲ್ಲವಾದ್ದರಿಂದ ಯಾರೂ ನೋಡುವುದಿಲ್ಲ, ವಾಲ್ವ್ ಸುಟ್ಟ ಮೇಲೆ ಗೊತ್ತಾಗುತ್ತದೆ. ಕವರ್ ಬಿಚ್ಚುವ ಸರದಿ ಡೀಸೆಲ್‌ಗಿಂತ ಬೇಗ ಇಟ್ಟುಕೊಳ್ಳಿ.

ಕೂರಿಸುವುದು

ಹೆಡ್ ಫೇಸಿಂಗ್ ಮಾಡಿಸಿದ್ದರೆ, ಬ್ಲಾಕ್ ಮೇಲ್ಮೈ ಕೆರೆಸಿದ್ದರೆ, ವಾಲ್ವ್ ಮತ್ತು ಪಿಸ್ಟನ್ ಹತ್ತಿರವಾಗಿವೆ. ಡೀಸೆಲ್‌ನಲ್ಲಿ ಆ ಸಂದು ಮೊದಲೇ ಚಿಕ್ಕದು. ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಕ್ಲೇ ತುಂಡಿಟ್ಟು, ಹಳೆಯ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ಗ್ಯಾಪ್ ಸೆಟ್ ಮಾಡಿ ಎರಡು ಸುತ್ತು ಕೈಯಲ್ಲಿ ತಿರುಗಿಸಿ, ಬಿಚ್ಚಿ, ಒತ್ತಿಹೋದ ಕ್ಲೇಯನ್ನು ಬ್ಲೇಡಿನಿಂದ ಕತ್ತರಿಸಿ ದಪ್ಪ ಅಳೆಯಿರಿ. ಮ್ಯಾನ್ಯುಯಲ್‌ನ ಅಂಕಿಗಿಂತ ಕಡಿಮೆ ಇದ್ದರೆ ಕಟ್ಟಬೇಡಿ. ಪೆಟ್ರೋಲ್ ಎಂಜಿನ್ನಿಗೆ ಇನ್‌ಲೆಟ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಎಂದು ವಾಡಿಕೆ. ಗಟ್ಟಿ ಸ್ಪ್ರಿಂಗ್ ಹಾಕುವ ಹುಚ್ಚೂ ಬೇಡ, ಆ ಒತ್ತಡವನ್ನೆಲ್ಲ ತಿನ್ನುವುದು ಲೋಬಿನ ಮೂಗು.

ಕಮಿನ್ಸ್ 6ಬಿಟಿ ಎಂಜಿನ್ ಇರುವ ಟಾಟಾ 1613ನಂಥ ಗಾಡಿಯವರಿಗೆ ಒಂದು ತೊಡಕು. ಅದರ ಟ್ಯಾಪೆಟ್ ಅಣಬೆಯಂತೆ, ತಳ ಅಗಲ, ಮೇಲಿಂದ ಹೊರಗೆ ಬರುವುದಿಲ್ಲ. ಎಂಜಿನ್ ಕೆಳಗಿಳಿದಿದ್ದರೆ ಬ್ಲಾಕ್ ತಲೆಕೆಳಗು ಮಾಡಿಬಿಡಿ, ಟ್ಯಾಪೆಟ್‌ಗಳು ತಾವೇ ಲೋಬಿನಿಂದ ದೂರ ಸರಿಯುತ್ತವೆ. ಗಾಡಿಯಲ್ಲೇ ಇದ್ದರೆ ಪುಶ್ ರಾಡ್ ರಂಧ್ರದಿಂದ ಮರದ ದುಂಡು ಕೋಲು ಇಳಿಸಿ, ಟ್ಯಾಪೆಟ್ ಒಳಗೆ ಬಿಗಿಯಾಗಿ ಕೂರಿಸಿ ಮೇಲೆಳೆದು, ಹಳೆಯ ಟ್ಯೂಬಿನ ರಬ್ಬರಿನಿಂದ ಜೋಡಿ ಜೋಡಿಯಾಗಿ ಕಟ್ಟುತ್ತಾರೆ. ಒಂದು ಕೋಲು ಜಾರಿದರೆ ಟ್ಯಾಪೆಟ್ ಆಯಿಲ್ ಪ್ಯಾನಿಗೆ. ಕ್ಯಾಮ್ ಎಳೆಯುವ ಮೊದಲು ಡೀಸೆಲ್ ಫೀಡ್ ಪಂಪ್ ಬಿಚ್ಚಿ, ಅದನ್ನು ಒತ್ತುವುದೂ ಇದೇ ಕ್ಯಾಮ್‌ನ ಒಂದು ಲೋಬ್. ಗ್ರೈಂಡ್ ಮಾಡುವವರು ಆ ಲೋಬನ್ನು ಮರೆಯುತ್ತಾರೆ, ಆಮೇಲೆ ಡೀಸೆಲ್ ಬರುತ್ತಿಲ್ಲವೆಂದು ಟ್ಯಾಂಕಿನವರೆಗೆ ಹುಡುಕಾಟ.

ಕ್ಯಾಮ್ ಬುಶ್ ಸವೆದಿದ್ದರೆ ಈಗಲೇ ಬದಲಿಸಿ. ಎಣ್ಣೆಯ ರಂಧ್ರ ಬ್ಲಾಕಿನ ರಂಧ್ರಕ್ಕೆ ಸರಿಯಾಗಿ ಕೂತಿದೆಯೇ ಎಂದು ತಂತಿ ಹಾಕಿ ನೋಡಿ. ಬುಶ್ ಸಡಿಲವಿದ್ದರೆ ಆಯಿಲ್ ಪ್ರೆಶರ್ ಬೀಳುವುದು ಕ್ಯಾಮ್‌ನಲ್ಲಿ, ಬೈಗುಳ ತಿನ್ನುವುದು ಆಯಿಲ್ ಪಂಪ್.

ಟೈಮಿಂಗ್ ಗಿಯರ್ ಗುರುತನ್ನು ಇಬ್ಬರು ನೋಡಬೇಕು. ಕ್ರ್ಯಾಂಕ್ ಗಿಯರ್‌ಗೆ 36 ಹಲ್ಲಿದ್ದರೆ ಒಂದು ಹಲ್ಲು ತಪ್ಪಿದರೂ 10 ಡಿಗ್ರಿ. ಎಂಜಿನ್ ಸ್ಟಾರ್ಟ್ ಆಗಲೂಬಹುದು, ಜೀವನಪೂರ್ತಿ ಹೊಗೆ ಉಗುಳುತ್ತ ಓಡಲೂಬಹುದು. ಪಂಪ್ ಗಿಯರ್‌ನ ಗುರುತು ಬೇರೆ, ಅದನ್ನೂ ನೋಡಿ.

ಇಷ್ಟಕ್ಕೇ ಬಿಡದೆ ಡಿಗ್ರಿ ಚಕ್ರ ಹಾಕಿ ನೋಡಿದರೆ ನಾನು ಮೆಚ್ಚುತ್ತೇನೆ. ನಮ್ಮ ಕಡೆ ಬಹಳ ಮಿಸ್ತ್ರಿಗಳು ಮಾಡುವುದಿಲ್ಲ, ಅರ್ಧ ಗಂಟೆಯ ಕೆಲಸ. ಡಿಗ್ರಿ ಬರೆದ ಚಕ್ರವನ್ನು ಕ್ರ್ಯಾಂಕ್ ಮೂತಿಗೆ ಬಿಗಿದು, ಒಂದನೇ ಪಿಸ್ಟನ್ನಿನ ಮೇಲೆ ಡಯಲ್ ಇಟ್ಟು ಟಿಡಿಸಿ, ಅಂದರೆ ಪಿಸ್ಟನ್ ತೀರಾ ಮೇಲೆ ಮುಟ್ಟುವ ಬಿಂದು, ಹುಡುಕಿ. ತುತ್ತತುದಿಯಲ್ಲಿ ಪಿಸ್ಟನ್ ಸ್ವಲ್ಪ ಹೊತ್ತು ನಿಂತಂತೆ ಇರುವುದರಿಂದ, ಎರಡೂ ಕಡೆ ಸಮಾನ ಇಳಿದ ಡಿಗ್ರಿ ಓದಿ ನಡು ತೆಗೆಯಿರಿ. ಆಮೇಲೆ ಒಂದನೇ ಇನ್‌ಲೆಟ್ ಟ್ಯಾಪೆಟ್ ಮೇಲೆ ಡಯಲ್. ಪೂರ್ತಿ ಎದ್ದ ಬಿಂದುವಿಗೆ 1.27 ಮಿ.ಮೀ. ಮೊದಲು 70 ಡಿಗ್ರಿ, ದಾಟಿ ಇಳಿದ ಮೇಲೆ 150 ಬಂದರೆ ನಡು 110, ಲೋಬಿನ ಮೂಗು ಅಲ್ಲಿದೆ. ಮ್ಯಾನ್ಯುಯಲ್‌ನಲ್ಲಿ ವಾಲ್ವ್ ತೆರೆಯುವ, ಮುಚ್ಚುವ ಡಿಗ್ರಿ ಇರುತ್ತದೆ. ಅದನ್ನು ಎಷ್ಟು ಗ್ಯಾಪ್ ಇಟ್ಟು ನೋಡಬೇಕು ಎಂದೂ ಬರೆದಿರುತ್ತಾರೆ, ಅದು ಓಡಿಸುವ ಗ್ಯಾಪ್ ಆಗಿರಬೇಕೆಂದಿಲ್ಲ.

ಟ್ಯಾಪೆಟ್ ಗ್ಯಾಪ್‌ಗೆ ನಮ್ಮ ಹಳೆಯ ಪದ್ಧತಿಯೇ ಸಾಕು. ಫೈರಿಂಗ್ ಆರ್ಡರ್ (ಸಿಲಿಂಡರುಗಳು ಹೊತ್ತುವ ಸರದಿ) 1-5-3-6-2-4 ಇರುವ ಆರು ಸಿಲಿಂಡರಿನಲ್ಲಿ 1-6, 5-2, 3-4 ಜೋಡಿ. ಆರನೆಯದರ ಎರಡೂ ವಾಲ್ವ್, ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ, ತೂಗುವಾಗ ಒಂದನೆಯದನ್ನು ಸೆಟ್ ಮಾಡಿ, ಉಳಿದವೂ ಹಾಗೇ. 1-3-4-2ರ ನಾಲ್ಕು ಸಿಲಿಂಡರಿಗೆ 1-4, 3-2. 6ಬಿಟಿಗೆ ತಣ್ಣಗಿರುವಾಗ ಇನ್‌ಲೆಟ್ 0.25, ಎಕ್ಸಾಸ್ಟ್ 0.51 ಮಿ.ಮೀ. "ಸದ್ದು ಬರಬಾರದು" ಎಂದು ಗ್ಯಾಪ್ ಬಿಗಿ ಮಾಡಿಸುವ ಡ್ರೈವರುಗಳಿದ್ದಾರೆ. ಬಿಗಿ ಮಾಡಿದರೆ ವಾಲ್ವ್ ಬೇಗ ತೆರೆದು ತಡವಾಗಿ ಮುಚ್ಚುತ್ತದೆ, ಅಂದರೆ ನಾವು ಬೇಡವೆಂದು ಬಿಟ್ಟ ಆ ಉದ್ದ ಕ್ಯಾಮನ್ನೇ ಚೂರು ಹಿಂಬಾಗಿಲಿನಿಂದ ತಂದಂತೆ.

ಮೊದಲ ಇಪ್ಪತ್ತು ನಿಮಿಷ

ಲೋಬ್‌ಗಳಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಂ ಪೇಸ್ಟ್ ಹಚ್ಚಿ, ಜರ್ನಲ್‌ಗಳಿಗೆ ಎಂಜಿನ್ ಆಯಿಲ್. ಸ್ಟಾರ್ಟ್ ಮಾಡುವ ಮೊದಲು ಡೀಸೆಲ್ ಲೈನಿನ ಗಾಳಿ ಪೂರ್ತಿ ತೆಗೆದಿರಬೇಕು, ಎಣ್ಣೆ ರಾಕರ್‌ವರೆಗೆ ಏರಿರಬೇಕು. ಅರ್ಧ ಗಂಟೆ ಸೆಲ್ಫ್ ಹೊಡೆಯುತ್ತ ಕೂತರೆ ಪೇಸ್ಟೆಲ್ಲ ಒರೆಸಿಹೋಗುತ್ತದೆ. ಹೊತ್ತಿಕೊಂಡ ತಕ್ಷಣ ಪ್ರೆಶರ್ ನೋಡಿ 1,500ರಿಂದ 2,000ಕ್ಕೆ ಏರಿಸಿ, ಸ್ವಲ್ಪ ಮೇಲೆ ಕೆಳಗೆ ಮಾಡುತ್ತ ಇಪ್ಪತ್ತು ನಿಮಿಷ ಬಿಡಿ. ಹೊಸ ಎಂಜಿನ್ ಎಂದು ಕನಿಕರಪಟ್ಟು ಐಡ್ಲಿಂಗ್‌ನಲ್ಲಿ ಬಿಟ್ಟು ಚಹಾ ಕುಡಿಯಲು ಹೋಗಬೇಡಿ. ಫ್ಲ್ಯಾಟ್ ಟ್ಯಾಪೆಟ್ ಲೋಬ್‌ಗಳಿಗೆ ಬಹುಪಾಲು ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚುವ ಹನಿಯಿಂದ, ನಿಧಾನ ತಿರುಗಿದರೆ ಅದು ಮೇಲಕ್ಕೆ ಹಾರುವುದಿಲ್ಲ. ನೀರು ಕಾದರೆ, ಎಲ್ಲಾದರೂ ಲೀಕಾದರೆ ಆಫ್ ಮಾಡಿ, ಸರಿ ಮಾಡಿ, ಉಳಿದ ನಿಮಿಷ ಮುಗಿಸಿ. ಎಣ್ಣೆ ಹಳೆಯ ಡೀಸೆಲ್‌ಗೆ ಸಿಐ-4 ದರ್ಜೆಯ 15ಡಬ್ಲ್ಯು-40. ಲೋಬ್ ಕಾಯುವ ಜಿಂಕ್ ಇದರಲ್ಲಿ ಈಗಿನ ಪೆಟ್ರೋಲ್ ಕಾರಿನ ಎಣ್ಣೆಗಿಂತ ಹೆಚ್ಚು.

ಅಳಿಯನ 407ರಲ್ಲಿ ಎಂಟು ಲೋಬ್‌ಗಳ ಪೈಕಿ ಮೂರನೇ ಸಿಲಿಂಡರಿನ ಎಕ್ಸಾಸ್ಟ್ 0.4 ಮಿ.ಮೀ. ಕಡಿಮೆ ಏಳುತ್ತಿತ್ತು. ಹೊಸ ಸ್ಟ್ಯಾಂಡರ್ಡ್ ಕ್ಯಾಮ್, ಎಂಟೂ ಹೊಸ ಟ್ಯಾಪೆಟ್, ಬುಶ್, ಅಷ್ಟೇ ಹಾಕಿದೆವು. ರೇಸಿಂಗ್ ಕ್ಯಾಮ್‌ಗೆಂದು ಎತ್ತಿಟ್ಟ ದುಡ್ಡು ನಾಜಲ್ ಮತ್ತು ಪಂಪ್ ಕ್ಯಾಲಿಬ್ರೇಶನ್‌ಗೆ ಹೋಯಿತು. ಘಾಟಿನಲ್ಲಿ ಈಗಲೂ ಎರಡನೇ ಗಿಯರೇ, ಆದರೆ ಕಪ್ಪು ಹೊಗೆ ನಿಂತಿದೆ, ಹಿಂದಿನವನು ಹಾರ್ನ್ ಹೊಡೆಯುವುದಿಲ್ಲವಂತೆ.

500 ಕಿ.ಮೀ. ಆದ ಮೇಲೆ ಎಣ್ಣೆ ಇಳಿಸಿ, ಫಿಲ್ಟರ್ ಡಬ್ಬಿ ಕತ್ತರಿಸಿ, ಕಾಗದ ಬಿಡಿಸಿ ಬಿಸಿಲಿಗೆ ಹಿಡಿಯಿರಿ, ಮೇಲೆ ಆಯಸ್ಕಾಂತ ಆಡಿಸಿ. ನುಣ್ಣನೆ ಬೂದು ಮಸಿ ಸಹಜ. ಹೊಳೆಯುವ ಚೂರು ಆಯಸ್ಕಾಂತಕ್ಕೆ ಅಂಟಿದರೆ ಗಾಡಿ ಲೋಡಿಗೆ ಕಳಿಸದೆ ಟ್ಯಾಪೆಟ್ ಕವರ್ ಬಿಚ್ಚಿ ಮತ್ತೆ ಡಯಲ್ ಇಡಿ. ಗ್ಯಾಪ್ ಅಂತೂ ಆ ದಿನ ಹೇಗೂ ನೋಡಲೇಬೇಕು, ಎಂಜಿನ್ ರಾತ್ರಿಯೆಲ್ಲ ತಣ್ಣಗಾದ ಮೇಲೆ, ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು.